ವಿಳಾಸ ಯಾರ ಸ್ವತ್ತು?

ಹಿಂದೆ ಕಚೇರಿಯ ಗುಮಾಸ್ತೆಯ ಮೇಜಿನ ಡ್ರಾಯರಿನಲ್ಲಿ ಒಂದು ಸಣ್ಣ ಪುಸ್ತಕವಿರುತ್ತಿತ್ತು. ಕಕ್ಷಿಗಾರರ, ವರ್ತಕರ, ಮೇಲಧಿಕಾರಿಗಳ ಹೆಸರು, ಬೀದಿ, ಟೆಲಿಫೋನ್ ಸಂಖ್ಯೆಗಳನ್ನು ಆತನು ಅದರಲ್ಲಿ ಬರೆದಿಟ್ಟುಕೊಳ್ಳುತ್ತಿದ್ದನು. ಪಕ್ಕದ ಮೇಜಿನವನಿಗೆ ಒಂದು ವಿಳಾಸ ಬೇಕಾದರೆ ಕೇಳಬೇಕಾಗಿತ್ತು. ಪುಸ್ತಕದ ಒಡೆಯನು ಕೇಳಿದವನ ಮುಖವನ್ನು ನೋಡಿ, ಕಾರಣವನ್ನು ತಿಳಿದು, ಆ ಒಂದು ವಿಳಾಸವನ್ನು ಮಾತ್ರ ಓದಿ ಹೇಳುತ್ತಿದ್ದನು. ಇದರಿಂದ ಕೆಲಸವು ತಡವಾಗುತ್ತಿದ್ದುದು ನಿಜವೇ. ಆದರೆ ಕೇಳುವುದಕ್ಕೂ ಹೇಳುವುದಕ್ಕೂ ನಡುವೆ ಒಂದು ಕ್ಷಣದ ವಿವೇಚನೆಗೆ ಎಡೆಯಿತ್ತು.

ಇಂದು ಆ ಪುಸ್ತಕವು ಕಂಪ್ಯೂಟರಿನೊಳಕ್ಕೆ ಸೇರಿದೆ. ಮೈಕ್ರೋಸಾಫ್ಟ್ ಸಂಸ್ಥೆಯ ಔಟ್‌ಲುಕ್ ಎಂಬ ಈಮೇಲ್ ತಂತ್ರಾಂಶವನ್ನು ಬಳಸುವ ಕಚೇರಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪಟ್ಟಿಗಳುಂಟು. ಒಂದು, ಕಚೇರಿಯೇ ಸರ್ವರಿನಲ್ಲಿಟ್ಟು ನೌಕರರೆಲ್ಲರಿಗೂ ತೋರಿಸುವ ಪಟ್ಟಿ. ಇದರ ವಿಷಯದಲ್ಲಿ ಹೆಚ್ಚು ಚರ್ಚೆಗೆ ಕಾರಣವಿಲ್ಲ. ಇನ್ನೊಂದು, ನೌಕರನೊಬ್ಬನು ವರ್ಷಗಳ ವ್ಯವಹಾರದಲ್ಲಿ ತಾನೇ ಕೂಡಿಸಿಕೊಂಡ ‘ಕಾಂಟ್ಯಾಕ್ಟ್ಸ್’ ಎಂಬ ಕಡತ. ಇದನ್ನು ಸಹೋದ್ಯೋಗಿಗಳಿಗೆ ಹಂಚಲು ಗುಂಡಿಯೊತ್ತಿದರೆ ಸಾಕು. ಓದಲು ಮಾತ್ರ, ತಿದ್ದಲು, ಅಳಿಸಲು ಎಂದು ಮೆಟ್ಟಿಲು ಮೆಟ್ಟಿಲಾಗಿ ಅಧಿಕಾರ ಕೊಡುವ ಏರ್ಪಾಡೂ ಅಲ್ಲಿದೆ. ಆದರೆ ಈ ಅನುಮತಿಗಳೆಲ್ಲವೂ ಕೊಡುವವನಿಗೂ ಪಡೆಯುವವನಿಗೂ ಸಂಬಂಧಿಸಿದವು. ಯಾರ ಹೆಸರು ಪಟ್ಟಿಯಲ್ಲಿದೆಯೋ ಆ ಮೂರನೆಯ ವ್ಯಕ್ತಿಯನ್ನು ಕೇಳುವ ಸ್ಥಳವು ಆ ಏರ್ಪಾಡಿನಲ್ಲಿ ಇಲ್ಲ.

ಇಲ್ಲಿ ಧರ್ಮದ ಪ್ರಶ್ನೆಯು ಹುಟ್ಟುತ್ತದೆ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನದಲ್ಲಿ, ನಂಬಿ ಇಟ್ಟ ಸ್ವತ್ತಿನ ವಿಚಾರವನ್ನು ವಿಸ್ತಾರವಾಗಿ ವಿವೇಚಿಸಿದ್ದಾನೆ. ಒಳಗೇನಿದೆಯೆಂದು ಹೇಳದೆ ಪೆಟ್ಟಿಗೆಯಲ್ಲಿಟ್ಟು ಒಪ್ಪಿಸಿದುದು ಉಪನಿಧಿ. ಅದನ್ನು ಇದ್ದಂತೆಯೇ ಹಿಂದಿರುಗಿಸಬೇಕು, ತನ್ನಿಷ್ಟದಂತೆ ಬಳಸಿಕೊಂಡವನು ದಂಡಾರ್ಹನು. ಒಬ್ಬನಲ್ಲಿಟ್ಟುದನ್ನು ಆತನು ಒಡೆಯನಿಗೆ ತಲಪಿಸೆಂದು ಮತ್ತೊಬ್ಬನ ಕೈಗೆ ಕೊಟ್ಟರೆ ಅದು ಅನ್ವಾಹಿತವೆನಿಸುತ್ತದೆ. ಅದಕ್ಕೂ ಇದೇ ವಿಧಿ. ಕೈ ಬದಲಾದರೂ ಹೊಣೆ ಬದಲಾಗದು. ವಿಳಾಸವೂ ಹೀಗೆ ನಂಬಿ ಇಟ್ಟ ವಸ್ತುವೇ ಸರಿ. ಹೊನ್ನಿಗೂ ಇದಕ್ಕೂ ಭೇದವೊಂದುಂಟು: ಹೊನ್ನನ್ನು ಹಿಂದಿರುಗಿಸಬಹುದು, ತಿಳಿದುದನ್ನು ತಿಳಿಯದಂತೆ ಮಾಡಲಾಗದು. ಹಂಚಿದ ಅನುಮತಿಯನ್ನು ನಾಳೆ ಹಿಂತೆಗೆದುಕೊಂಡರೂ, ಅಷ್ಟರೊಳಗೆ ನಕಲು ಮಾಡಿಕೊಂಡುದು ನಕಲು ಮಾಡಿಕೊಂಡವನಲ್ಲಿಯೇ ಉಳಿಯುತ್ತದೆ.

ಗಂಡನ ಹಿಂಸೆಗೆ ಅಂಜಿ ಬೇರೆ ಊರಿನಲ್ಲಿ ತಲೆಮರೆಸಿಕೊಂಡಿರುವ ಹೆಣ್ಣುಮಗಳೊಬ್ಬಳನ್ನು ಊಹಿಸಬಹುದು. ತನ್ನ ವಿಮೆಯ ಹಣಕ್ಕಾಗಿ ಆಕೆ ಗುಮಾಸ್ತೆಯೊಬ್ಬನಿಗೆ ಮಾತ್ರ ಹೊಸ ವಿಳಾಸವನ್ನು ತಿಳಿಸಿದ್ದಾಳೆ. ಆತನು ರಜೆಯ ಮೇಲೆ ಹೋಗುವಾಗ ಕೆಲಸ ನಿಲ್ಲಬಾರದೆಂದು ತನ್ನ ಪಟ್ಟಿಯನ್ನು ಇಡಿಯಾಗಿ ವಿಭಾಗದವರಿಗೆ ಹಂಚುತ್ತಾನೆ. ಗಂಡನು ಬಂದು, ಹೆಂಡತಿಗೆ ಕಾಗದ ಕಳುಹಿಸಬೇಕೆಂದು ವಿನಯದಿಂದ ಕೇಳಿದಾಗ, ಪಕ್ಕದ ಮೇಜಿನ ಸಜ್ಜನನು ಪರದೆಯನ್ನು ನೋಡಿ ವಿಳಾಸವನ್ನು ಹೇಳಿಬಿಡುತ್ತಾನೆ. ಇವರಿಬ್ಬರಲ್ಲಿ ಕೆಟ್ಟವನು ಯಾರೂ ಇಲ್ಲ. ಒಬ್ಬನು ಕರ್ತವ್ಯನಿಷ್ಠನು, ಮತ್ತೊಬ್ಬನು ಉಪಕಾರಿ. ವಿಳಾಸವು ಕೈ ದಾಟಿತು. ಅದರೊಡನಿದ್ದ ಅಂಜಿಕೆಯ ಕಥೆ ಮಾತ್ರ ದಾಟಲಿಲ್ಲ.

ಹಾಗೆಂದು ವಿಳಾಸವನ್ನು ಬಚ್ಚಿಟ್ಟುಕೊಳ್ಳುವವನೆಲ್ಲ ಧರ್ಮಾತ್ಮನಲ್ಲ. ತನ್ನನ್ನು ಬಿಟ್ಟರೆ ಕಚೇರಿ ನಡೆಯದೆಂಬ ಹಮ್ಮಿನಿಂದ ಪಟ್ಟಿಯನ್ನು ಹಿಡಿದಿಟ್ಟುಕೊಳ್ಳುವವರುಂಟು. ಅಂಥವನು ಕಾಯಿಲೆ ಬಿದ್ದರೆ ಪಿಂಚಣಿಗಾಗಿ ಕಾದಿರುವ ಮುದುಕಿಗೆ ಕಾಗದ ಹೋಗುವುದು ತಿಂಗಳು ತಡವಾಗುತ್ತದೆ. ಆ ಮುದುಕಿಯು ವಿಳಾಸ ಕೊಟ್ಟುದು ಗುಮಾಸ್ತೆಗಲ್ಲ, ಕಚೇರಿಗೆ. ಕಾಗದ ಬರಲೆಂದೇ ಕೊಟ್ಟವಳು ಆಕೆ. ಅಲ್ಲಿ ಹಂಚದಿರುವುದೇ ದ್ರೋಹ. ಆದುದರಿಂದ ಯಾವ ಉದ್ದೇಶಕ್ಕಾಗಿ ಕೊಟ್ಟರೆಂಬುದನ್ನು ಬಿಟ್ಟು, ಹಂಚಬೇಕೆ ಬೇಡವೆ ಎಂದು ಕೇಳುವುದು ವ್ಯರ್ಥ.

ಈಚಿನ ನ್ಯಾಯವೂ ಈ ದಾರಿಯನ್ನೇ ಹಿಡಿದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ಮಂದಿ ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಒಪ್ಪಿಗೆಯೆಂಬುದು ಹೇಳಿದ ಉದ್ದೇಶಕ್ಕೆ ಮಾತ್ರ ಸಲ್ಲುತ್ತದೆಂಬ ತತ್ತ್ವವನ್ನು ಅಂಗೀಕರಿಸಿದೆ. ಕಾಯಿದೆಯ ಕಣ್ಣು ಪ್ರತಿಯೊಂದು ಮೇಜಿನವರೆಗೆ ಬರುವುದೇ ಎಂಬುದು ಬೇರೆ ಮಾತು.

ಯಂತ್ರವನ್ನೇ ನಂಬಿ ಕೂಡುವಂತೆಯೂ ಇಲ್ಲ. 1999ರ ಮಾರ್ಚಿಯಲ್ಲಿ ಮೆಲಿಸ್ಸಾ ಎಂಬ ವೈರಸ್ಸು ಔಟ್‌ಲುಕ್ಕಿನ ವಿಳಾಸಪಟ್ಟಿಯ ಮೊದಲ 50 ಹೆಸರುಗಳಿಗೆ ತನ್ನನ್ನು ತಾನೇ ಕಳುಹಿಸಿಕೊಂಡಿತು. ಮರುವರ್ಷ ಮೇ ತಿಂಗಳಿನ ‘ಐ ಲವ್ ಯೂ’ ವೈರಸ್ಸು ಪಟ್ಟಿಯಲ್ಲಿದ್ದವರೆಲ್ಲರಿಗೂ ಹೋಯಿತು. ಪರಿಚಿತರ ಹೆಸರಿನಲ್ಲಿ ಬಂದ ಕಾಗದವೆಂದು ಜನರು ಅದನ್ನು ಬಿಚ್ಚಿ ಮೋಸಹೋದರು. ಒಂದೊಂದು ವಿಳಾಸಕ್ಕೆ ‘ಖಾಸಗಿ’ ಎಂಬ ಗುರುತು ಹಾಕುವ ಸೌಕರ್ಯವೂ ಔಟ್‌ಲುಕ್ಕಿನಲ್ಲಿದೆ. ಆದರೆ ಇತರರ ಕಣ್ಣಿನಿಂದ ಮರೆಮಾಡಲು ಆ ಗುರುತನ್ನೇ ನೆಚ್ಚಬಾರದೆಂದು ತಯಾರಕರೇ ಎಚ್ಚರಿಸಿದ್ದಾರೆ.

ಉಳಿದ ದಾರಿ ಸರಳವಾದುದು, ತುಸು ಬೇಸರದ್ದು. ಹಂಚತಕ್ಕ ಹೆಸರುಗಳಿಗೆ ಪ್ರತ್ಯೇಕವಾದ ಕಡತವೊಂದನ್ನು ಮಾಡಿ, ಅದೊಂದನ್ನೇ ಸಹೋದ್ಯೋಗಿಗಳಿಗೆ ತೆರೆದಿಡಬಹುದು. ಸಂದೇಹವಿರುವ ಹೆಸರುಗಳವರಿಗೆ ಎರಡು ಸಾಲಿನ ಕಾಗದ ಬರೆದು ಕೇಳಬಹುದು. ಕೆಲವರು ಧಾರಾಳವಾಗಿ ಒಪ್ಪುವರು, ಕೆಲವರು ಉತ್ತರವನ್ನೇ ಕೊಡರು. ಉತ್ತರ ಬಾರದವರ ಹೆಸರು ಗುಮಾಸ್ತೆಯ ಸ್ವಂತ ಕಡತದಲ್ಲಿಯೇ ಉಳಿಯಬೇಕಾಗುತ್ತದೆ. ಆ ಹೆಣ್ಣುಮಗಳ ಹೆಸರು ಅವುಗಳಲ್ಲೊಂದಾಗಿರಬಹುದು.