ಬಟ್ಟೆಯ ದುಡ್ಡು ಯಾರ ಕೈಯಲ್ಲಿರಬೇಕು?

ಆಗಸ್ಟ್ ಬಂತೆಂದರೆ ಅಮೆರಿಕದ ಬಟ್ಟೆ ಅಂಗಡಿಗಳಿಗೆ ಸುಗ್ಗಿ. ಶಾಲೆ ಶುರುವಾಗುವ ಮುಂಚಿನ ಆ ಎರಡು ಮೂರು ವಾರ ಟ್ರಯಲ್ ರೂಮಿನ ಬಾಗಿಲಲ್ಲಿ ಕನ್ನಡದಲ್ಲೂ ಚೌಕಾಸಿ ನಡೆಯುತ್ತದೆ. ಅದು ಅಂಗಡಿಯವನ ಜೊತೆಗಲ್ಲ, ಮನೆಯವರ ನಡುವೆಯೇ. "ಇದಕ್ಕೆ ಇಷ್ಟು ದುಡ್ಡಾ?" ಎಂದು ಅಮ್ಮ, "ಎಲ್ಲರೂ ಹಾಕ್ಕೊಳ್ತಾರಮ್ಮ" ಎಂದು ಮಗಳು. ಅಮ್ಮ ಬಗ್ಗದಿದ್ದರೆ ಅಪ್ಪ, ಅಪ್ಪನೂ ಬಗ್ಗದಿದ್ದರೆ ಮುನಿಸು, ಕೊನೆಗೆ ಕ್ರೆಡಿಟ್ ಕಾರ್ಡ್. ಈ ಪ್ರಸಂಗದಿಂದ ಮಕ್ಕಳು ಕಲಿಯುವುದು ಲೆಕ್ಕವನ್ನಲ್ಲ, ವಕೀಲಿಯನ್ನು. ಹದಿಮೂರು ಹದಿನಾಲ್ಕು ತುಂಬಿದ ಮಕ್ಕಳಿಗೆ ಒಂದು ಋತುವಿನ ಬಟ್ಟೆಯ ದುಡ್ಡನ್ನು ಒಟ್ಟಿಗೆ ಕೊಟ್ಟು, ಮುಂದಿನ ಋತುವಿನವರೆಗೆ ಮತ್ತೆ ಕೇಳಬಾರದು ಎಂದು ಹೇಳಿಬಿಡುವುದೇ ಲೇಸು ಎಂಬುದು ನನ್ನ ವಾದ.

ಹೆತ್ತವರಿಗೆ ಇದು ದುಂದಿನ ದಾರಿಯಂತೆ ಕಾಣುವುದಕ್ಕೆ ಕಾರಣವಿದೆ. ಅವರು ಬೆಳೆದ ಮೈಸೂರು, ಹುಬ್ಬಳ್ಳಿ, ಶಿವಮೊಗ್ಗಗಳಲ್ಲಿ ವರ್ಷದ ಬಟ್ಟೆಯೆಂದರೆ ಶಾಲೆಯ ಯೂನಿಫಾರ್ಮು, ಹಬ್ಬಕ್ಕೊಂದು ಜೊತೆ, ಮನೆಯಲ್ಲಿ ಮದುವೆಯಿದ್ದರೆ ಇನ್ನೊಂದು. ಅಣ್ಣತಮ್ಮಂದಿರಿಗೆಲ್ಲ ಒಂದೇ ಥಾನಿನಿಂದ ಹರಿಸಿದ ಬಟ್ಟೆ. "ಬೆಳೆಯೋ ಹುಡುಗ, ಸ್ವಲ್ಪ ಸಡಿಲ ಇರಲಿ, ಒಳಗೆ ಬಟ್ಟೆ ಬಿಡಿ" ಎಂದು ದರ್ಜಿಗೆ ಹೇಳಿದರೆ ಮುಗಿಯಿತು. ವರ್ಷ ಕಳೆದ ಮೇಲೆ ಪ್ಯಾಂಟಿನ ಮಡಿಕೆ ಬಿಚ್ಚಿ ಉದ್ದ ಮಾಡಿದಾಗ ಹಳೆಯ ಅಂಚಿನ ಗೆರೆ ಕಾಲಿನ ಸುತ್ತ ಕಾಣುತ್ತಿತ್ತು, ಮಾಸದ ನೀಲಿ ಕೆಳಗೆ, ಮಾಸಿದ ನೀಲಿ ಮೇಲೆ. ಅದನ್ನು ಮಿತವ್ಯಯ ಎಂದು ಈಗ ಹೊಗಳಿಕೊಳ್ಳುತ್ತೇವೆ. ನಿಜ ಹೇಳಬೇಕೆಂದರೆ ಅಲ್ಲಿ ಆಯ್ಕೆಯೇ ಇರಲಿಲ್ಲ. ಆರಿಸುವ ಪ್ರಶ್ನೆ ಬಾರದವರನ್ನು ಚೆನ್ನಾಗಿ ಆರಿಸಿದರು ಎನ್ನುವುದು ಹೇಗೆ? ಅಮೆರಿಕದ ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಸಮವಸ್ತ್ರವಿಲ್ಲ. ಅಲ್ಲಿನ ಮಗುವಿಗೆ ಏನು ಹಾಕಿಕೊಳ್ಳಲಿ ಎಂಬುದು ದಿನಬೆಳಗಿನ ಪ್ರಶ್ನೆ, ಅದಕ್ಕೆ ಥಾನಿನ ಕಥೆ ಉತ್ತರವಾಗುವುದಿಲ್ಲ.

ದುಡ್ಡು ಕೈಗೆ ಬಂದ ಕೂಡಲೇ ಲೆಕ್ಕ ಹೇಗೆ ತಿರುಗುತ್ತದೆ ನೋಡಿ. ಆರು ತಿಂಗಳಿಗೆ 300 ಡಾಲರ್ ಎಂದಿಟ್ಟುಕೊಳ್ಳೋಣ. ಚಳಿಗಾಲದ ಕೋಟು, ಒಳಉಡುಪು, ಆಟದ ತಂಡದ ಉಡುಪು ಇವು ಹೆತ್ತವರ ಖಾತೆಗೇ ಇರಲಿ. ಮಿನ್ನೆಸೋಟದ ಚಳಿಯಲ್ಲಿ ಯಾರೂ ಪಾಠ ಕಲಿಯಬೇಕಾಗಿಲ್ಲ. ಮಿಕ್ಕದ್ದರಲ್ಲಿ ಹುಡುಗನ ಕಣ್ಣು 120 ಡಾಲರಿನ ಶೂ ಮೇಲೆ. ಅಪ್ಪನ ಕಾರ್ಡಿನಲ್ಲಿ ಅದು ಬರೀ ಶೂ. ತನ್ನ 300ರಲ್ಲಿ ಅದು ಎರಡು ಜೀನ್ಸ್, ಒಂದು ಹುಡಿ. ಕೆಲಸ ಮಾಡಿ ಸಂಪಾದಿಸುತ್ತೇನೆ ಎಂದರೆ ಇನ್ನೊಂದು ಲೆಕ್ಕ: ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದಲೂ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ, ಟೆಕ್ಸಾಸ್, ನಾರ್ತ್ ಕ್ಯಾರೊಲಿನಾಗಳಲ್ಲಿ ಅದೇ ದರ. ಹದಿನಾಲ್ಕು ಹದಿನೈದರ ಮಕ್ಕಳು ಶಾಲೆಯಿರುವ ವಾರದಲ್ಲಿ 18 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಎಂಬುದು ಕಾನೂನು. ಆ ದರದಲ್ಲಿ 18 ಗಂಟೆಗೆ ಸಿಗುವುದು 130.50 ಡಾಲರ್. ಅಂದರೆ ಕಾನೂನು ಒಪ್ಪುವ ಒಂದು ವಾರದ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಆ ಒಂದು ಜೊತೆ ಶೂಗೆ. ತೆರಿಗೆಯೂ ಕಣ್ಣಿಗೆ ಬೀಳತೊಡಗುತ್ತದೆ. ನ್ಯೂಜೆರ್ಸಿಯಲ್ಲಿ ದಿನಬಳಕೆಯ ಬಟ್ಟೆಗೆ ಮಾರಾಟ ತೆರಿಗೆಯಿಲ್ಲ. ಟೆಕ್ಸಾಸಿನಲ್ಲಿ ಆಗಸ್ಟಿನ ಒಂದು ವಾರಾಂತ್ಯ ಮಾತ್ರ ವಿನಾಯಿತಿ, ಅದೂ 100 ಡಾಲರಿಗಿಂತ ಕಡಿಮೆ ಬೆಲೆಯದಕ್ಕೆ. 120ರ ಶೂಗೆ ಪೂರ್ತಿ ತೆರಿಗೆ ಬೀಳುತ್ತದೆ. ಹೆತ್ತವರು ಹತ್ತು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳದ ಹುಡುಗ ತನ್ನ ದುಡ್ಡಾದಾಗ ಟ್ಯಾಗ್ ಕೀಳದೆ, ರಸೀದಿ ಎಸೆಯದೆ ಎರಡು ದಿನ ಯೋಚಿಸುತ್ತಾನೆ.

ಎಲ್ಲ ಒಂದೇ ದಿನ ಉಡಾಯಿಸಿಬಿಟ್ಟರೆ ಎಂಬ ಭಯ ಸಹಜ. ಕೆಲವರು ಉಡಾಯಿಸುತ್ತಾರೆ. ಆ ಮೇಲೆ ನಾಲ್ಕು ತಿಂಗಳು ಅದೇ ಎರಡು ಪ್ಯಾಂಟಿನಲ್ಲಿ ಶಾಲೆಗೆ ಹೋಗುತ್ತಾರೆ. ಹೆತ್ತವರು ಕರಗಿ ಮತ್ತೆ ಕಾರ್ಡು ತೆಗೆಯದಿರುವುದೇ ಇಲ್ಲಿ ಕಷ್ಟದ ಕೆಲಸ. ಹದಿನೈದರಲ್ಲಿ 120 ಡಾಲರ್ ಪೋಲು ಮಾಡುವುದು ಇಪ್ಪತ್ತೈದರಲ್ಲಿ ಕ್ರೆಡಿಟ್ ಕಾರ್ಡಿನ ಸಾಲಕ್ಕೆ ಬೀಳುವುದಕ್ಕಿಂತ ಬಹಳ ಅಗ್ಗ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಮಿತಿ ಹಾಕಿದರೆ ಮಕ್ಕಳು ಅಗ್ಗದ ಕಡೆಗೇ ಓಡುತ್ತಾರೆ, ಶೀಇನ್ ಥರದ ಆ್ಯಪಿನಲ್ಲಿ ಎಂಟು ಡಾಲರಿನ ಅಂಗಿಗಳನ್ನು ಗುಡ್ಡೆ ಹಾಕುತ್ತಾರೆ. ಇದು ನಿಜ, ತಳ್ಳಿಹಾಕುವಂತಿಲ್ಲ. 800 ಡಾಲರ್ ಒಳಗಿನ ಪೊಟ್ಟಣಗಳಿಗಿದ್ದ ಸುಂಕದ ವಿನಾಯಿತಿ ಚೀನಾದ ಸರಕಿಗೆ 2025ರ ಮೇ ತಿಂಗಳಲ್ಲಿ ನಿಂತರೂ ಆ ಚಟ ನಿಂತಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದ ಪ್ರಕಾರ 2018ರಲ್ಲಿ ನೆಲಭರ್ತಿಗೆ ಹೋದ ಜವಳಿಯೇ 1 ಕೋಟಿ 13 ಲಕ್ಷ ಟನ್. ಆದರೆ ಆ ರಾಶಿಗೆ ಮಿತಿಯಿಲ್ಲದ ಕಾರ್ಡೂ ತನ್ನ ಪಾಲು ಸೇರಿಸುತ್ತದೆ. ಮಿತಿಯಿದ್ದಾಗಲಾದರೂ ಮೂರನೇ ಒಗೆತಕ್ಕೆ ಹೊಲಿಗೆ ಬಿಟ್ಟ ಅಂಗಿಯ ನಷ್ಟ ಯಾರದ್ದೆಂದು ಗೊತ್ತಾಗುತ್ತದೆ. ಅಂಗಿಯನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡುವುದು, ಲೇಬಲ್ಲಿನಲ್ಲಿ ಪಾಲಿಯೆಸ್ಟರ್ ಎಷ್ಟು ಪಾಲು ಎಂದು ಓದುವುದು ಆಗ ಶುರುವಾಗುತ್ತದೆ. ಅದೇ ಲೇಬಲ್ಲಿನಲ್ಲಿ 'ಮೇಡ್ ಇನ್ ಇಂಡಿಯಾ' ಎಂದಿದ್ದರೆ ಅದು ಬೊಮ್ಮನಹಳ್ಳಿಯದೋ ಪೀಣ್ಯದ್ದೋ ಗಾರ್ಮೆಂಟ್ಸಿನದಾಗಿರಬಹುದು. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ಹಿಂಪಡೆಯುವುದಕ್ಕೆ ತಂದ ನಿರ್ಬಂಧದ ವಿರುದ್ಧ ಬೆಂಗಳೂರಿನ ರಸ್ತೆಗಿಳಿದು, ಕೇಂದ್ರ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದ್ದು ಇಂಥ ಅಂಗಿಗಳನ್ನು ಹೊಲಿಯುವ ಹೆಣ್ಣುಮಕ್ಕಳೇ. ಎಂಟು ಡಾಲರಿನಲ್ಲಿ ಆಕೆಯ ಪಾಲೆಷ್ಟು ಎಂದು ಮಗು ಕೇಳಿದರೆ ಉತ್ತರಿಸುವ ಹೊಣೆ ದೊಡ್ಡವರದು.

ಗುಡ್‌ವಿಲ್‌ನಂಥ ಕಡೆ ಹಳೆಯ ಬಟ್ಟೆ ಕೊಳ್ಳುವುದಕ್ಕೆ ಇಂದಿನ ಮಕ್ಕಳಿಗೆ ಸಂಕೋಚವಿಲ್ಲ, ಅದು ಈಗ ಫ್ಯಾಶನ್ನು. ಮುಖ ಸಿಂಡರಿಸುವವರು ದೊಡ್ಡವರು: "ಯಾರೋ ಹಾಕಿದ್ದು, ಏನೋ ಎತ್ತೋ." ಚಿಕ್ಕಮ್ಮನ ಮಗ ಹಾಕಿಬಿಟ್ಟ ಶರ್ಟಿನಲ್ಲಿ ಹೈಸ್ಕೂಲು ಮುಗಿಸಿದ ತಲೆಮಾರು ಈ ಮಾತಾಡಬಾರದು. ಬಿಸಿನೀರಿನಲ್ಲಿ ಒಗೆದರಾಯಿತು. ಇನ್ನು ಎಂಥ ಬಟ್ಟೆ ಹಾಕಬಹುದು, ಎಂಥದ್ದು ಬೇಡ ಎಂಬುದು ಪ್ರತಿ ಮನೆಯ ಬೇರೆಯೇ ಮಾತು; ಅದನ್ನು ದುಡ್ಡಿನ ನೆಪದಲ್ಲಿ ಬಗೆಹರಿಸಲು ಹೋದರೆ ಎರಡೂ ಕೆಡುತ್ತವೆ.

ಉಳಿದದ್ದು ನಮ್ಮ ಕನ್ನಡ ಕೂಟದ ಬಟ್ಟೆ. ಯುಗಾದಿಗೆ, ರಾಜ್ಯೋತ್ಸವಕ್ಕೆ, ದೀಪಾವಳಿಗೆ ಮಕ್ಕಳ ಮೈಮೇಲೆ ಲೆಹಂಗಾ, ಶೇರವಾನಿ, ಲಂಗದಾವಣಿ ಇರಲೇಬೇಕೆಂಬುದು ಹೆತ್ತವರ ಆಸೆ, ಆದ್ದರಿಂದ ಖರ್ಚೂ ಅವರದೇ ಆಗಬೇಕು. ಆದರೆ ಮಗಳಿಗೆ ಕಲಿಸಿದ ಲೆಕ್ಕವನ್ನು ಇಲ್ಲಿಗೂ ಹಾಕಿ ನೋಡಿ. 50 ಡಾಲರಿನ ಜೀನ್ಸ್ ನೂರು ಸಲ ಹಾಕಿದರೆ ಸಲಕ್ಕೆ ಅರ್ಧ ಡಾಲರ್. 150ರ ಲೆಹಂಗಾ ಎರಡು ಸಲ ಹಾಕುವಷ್ಟರಲ್ಲಿ ಕುಪ್ಪಸ ಬಿಗಿ, ಸಲಕ್ಕೆ 75. ಹಾಗಾದರೆ ಮನೆಯಲ್ಲಿ ದುಂದು ಮಾಡುವವರು ಯಾರು? ಲೆಕ್ಕ ಕಲಿತ ಹುಡುಗಿಯರು ಗೆಳತಿಯರೊಳಗೆ ಲೆಹಂಗಾ ಬದಲಾಯಿಸಿಕೊಳ್ಳಲು ಹಿಂಜರಿಯುವುದಿಲ್ಲ. ಹೋದ ವರ್ಷದ ಫೋಟೋದಲ್ಲಿ ಅದೇ ಇತ್ತಲ್ಲ ಎಂದು ತಡೆಯುವವರು ಅಮ್ಮಂದಿರು. ತಡೆಯುವ ಮುಂಚೆ ಒಂದು ಎಚ್ಚರ ಇರಲಿ. ಭಾಗಾಕಾರ ಕಲಿತ ಮಗಳು ಅಮ್ಮನ ಕ್ಲಾಸೆಟ್ಟಿನ ಬಾಗಿಲನ್ನೂ ತೆಗೆದು, ಅಲ್ಲಿರುವ ರೇಷ್ಮೆ ಸೀರೆಗಳಲ್ಲಿ ಯಾವುದನ್ನು ಎಷ್ಟು ಸಲ ಉಟ್ಟಿದ್ದೀಯಮ್ಮ ಎಂದು ಕೇಳಬಹುದು.