ಹರಿದದ್ದು ಯಾರ ಸೀಟು?

ನಿಮ್ಮ ಕಾರಿನ ಚರ್ಮದ ಸೀಟು ಹರಿದಿದೆ ಎಂದಿಟ್ಟುಕೊಳ್ಳಿ. ತೇಪೆ ಹಾಕಿಸುವಿರೋ, ಹೊಸ ಹೊದಿಕೆ ಹಾಕಿಸುವಿರೋ? ಇದು ಜೇಬಿನ ಪ್ರಶ್ನೆ, ಇದರಲ್ಲಿ ನೀತಿಯ ಮಾತೇನು ಎನ್ನಬಹುದು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ನಮ್ಮ ಕುಟುಂಬಗಳಲ್ಲಿ ಕಾರು ಈಗ ಅಪರೂಪದ ವಸ್ತುವಲ್ಲ. ದಿನವಿಡೀ ಬಿಸಿಲಲ್ಲಿ ನಿಂತ ಕಾರಿನ ಸೀಟು ಒಣಗಿ ಬಿರಿಯುತ್ತದೆ. ಓಡಿಸುವವರು ಹತ್ತಿ ಇಳಿಯುವ ಬಲಬದಿಯ ಅಂಚು ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಹೀಗಾಗಿ ಈ ಪ್ರಶ್ನೆ ಇಂದಲ್ಲ ನಾಳೆ ನಿಮ್ಮ ಮನೆಗೂ ಬಂದೀತು.

ಮೊದಲು ಅದು ಚರ್ಮವೇ ಎಂದು ನೋಡಿ. ಎಷ್ಟೋ ಕಾರುಗಳಲ್ಲಿ ನಾವು ಚರ್ಮವೆಂದು ಹೇಳಿಕೊಳ್ಳುವುದು ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪಿಸಿದ ಲೆದರೆಟ್, ಹಿರಿಯರ ಮಾತಿನಲ್ಲಿ ರೆಕ್ಸಿನ್. ಅದರ ಮೇಲ್ಪದರ ಒಮ್ಮೆ ಸಿಪ್ಪೆಯಂತೆ ಏಳತೊಡಗಿದರೆ ದುರಸ್ತಿ ಬಹುಕಾಲ ನಿಲ್ಲದು, ಬದಲಾಯಿಸುವುದೇ ವಿವೇಕ. ನಿಜವಾದ ಚರ್ಮದ ಮಾತು ಬೇರೆ. ಸೀಳಿನ ಒಳಗೆ ತೆಳುವಾದ ಬಟ್ಟೆ ತೂರಿಸಿ, ಬಾಗುವ ಅಂಟಿನಿಂದ ಅಂಚುಗಳನ್ನು ಕೂಡಿಸಿ, ಸಂದು ತುಂಬಿ ಬಣ್ಣ ಕೊಡುತ್ತಾರೆ. ಸೀಳು ದೊಡ್ಡದಾದರೆ ಆ ಒಂದು ತುಂಡನ್ನಷ್ಟೇ ಬಿಚ್ಚಿ ಹೊಸದನ್ನು ಹೊಲಿಯಬಹುದು. ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕುವ ಬಗ್ಗೆ ಪ್ರಭು ಯೇಸು ಹೇಳಿದ ಸಾಮತಿ ನಿಮಗೆ ತಿಳಿದದ್ದೇ. ಸೀಟಿನ ಕೆಲಸಗಾರರಿಗೂ ಅದು ಗೊತ್ತು: ಬಿಗಿಯಾದ ತೇಪೆ ಮೆತ್ತಗಾದ ಹಳೆಯ ಚರ್ಮವನ್ನು ಎಳೆದು ಪಕ್ಕದಲ್ಲೇ ಹರಿಯುತ್ತದೆ. (ಆ ಸಾಮತಿ ಹಿಡಿದು ಹಳೆಯದನ್ನೆಲ್ಲ ಎಸೆಯಿರಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.)

ಇನ್ನು ಹಣದ ಮಾತು. ಷೋರೂಮಿನಲ್ಲಿ ಹೇಳಿದ ಬೆಲೆಯನ್ನು ತೆಪ್ಪಗೆ ಕೊಡುವ ನಾವು, ಕೆಲಸಗಾರನೊಬ್ಬ ಅರ್ಧ ದಿನ ಬಗ್ಗಿ ಕುಳಿತು ಮಾಡುವ ದುರಸ್ತಿಗೆ ಚೌಕಾಸಿಗಿಳಿಯುತ್ತೇವೆ. ದುರಸ್ತಿಯಲ್ಲಿ ಸಾಮಾನಿನ ಖರ್ಚು ಸ್ವಲ್ಪ, ಕೂಲಿಯೇ ಹೆಚ್ಚು. ಅಲ್ಲಿ ಉಳಿಸಿದ ನೂರು ರೂಪಾಯಿ ಅವನ ಮನೆಯ ಅಕ್ಕಿಯದು. ಚರ್ಮದ ವಸ್ತುವಿಗೆ ಬೀಗಿದ ಸಮಾಜವೇ ಚರ್ಮ ಹದಮಾಡಿದವರನ್ನು ಊರ ಹೊರಗಿಟ್ಟಿತ್ತು. ಸಂತ ಪೇತ್ರರಾದರೋ ಯೊಪ್ಪದಲ್ಲಿ ಚರ್ಮ ಹದಮಾಡುವ ಸಿಮೋನನ ಮನೆಯಲ್ಲೇ ಅನೇಕ ದಿನ ತಂಗಿದ್ದರು.

ಈಗ ಹೇಳಿ, ನೀವು ಹೊಸದು ಮಾಡಹೊರಟಿರುವುದು ಯಾವ ಸೀಟು? ಮನೆಯಲ್ಲಿ ಮದುವೆ ಬಂತೆಂದರೆ ಹಿಂದಿನ ಸೀಟಿನ ಚಿಕ್ಕ ಸೀಳೂ ಕಣ್ಣು ಕುಕ್ಕುತ್ತದೆ, ಬಂಧುಗಳು ಏನೆಂದಾರೋ ಎಂದು. ಮುಂದೆ ಸಂಬಳದ ಚಾಲಕರು ಕುಸಿದ ಫೋಮಿನ ಗುಳಿಯಲ್ಲಿ ಕುಳಿತು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಬ್ರೇಕು ಕ್ಲಚ್ಚು ಒತ್ತುತ್ತಿರುತ್ತಾರೆ. ಅದು ಯಾರ ಕಣ್ಣಿಗೂ ಬೀಳದು, ಏಕೆಂದರೆ ಮೇಲಿನ ಚರ್ಮ ಚೆನ್ನಾಗಿಯೇ ಇದೆ! ಬಂಧುಗಳ ಕಣ್ಣಿಗಾಗಿ ಸಾವಿರಾರು ರೂಪಾಯಿ, ದಿನಕ್ಕೆ ಹತ್ತು ಗಂಟೆ ದುಡಿಯುವ ಸೊಂಟಕ್ಕೆ ಏನೂ ಇಲ್ಲ ಎಂದರೆ, ಇಲ್ಲಿ ಹರಿದದ್ದು ಬರೀ ಚರ್ಮವೇ?

ಕಂಪನಿಗಳಿಗೆ ಕ್ಯಾಬ್ ಬಿಡುವ ಮಾಲೀಕರು ನಮ್ಮಲ್ಲೂ ಇದ್ದಾರೆ. ಪ್ರಯಾಣಿಕರ ಬ್ಯಾಗಿನ ಜಿಪ್ಪಿನಿಂದಾದ ಸೀಳಿಗೆ ಚಾಲಕರ ಸಂಬಳ ಮುರಿಯುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಸವೆತ ಬಾಡಿಗೆಯ ಲೆಕ್ಕದಲ್ಲೇ ಸೇರಬೇಕಾದದ್ದು.

ಉಳಿತಾಯ ಮಾಡಬಾರದ ಜಾಗವೂ ಒಂದಿದೆ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇದ್ದರೆ ಅಲ್ಲಿನ ಹೊಲಿಗೆ ಅಪಘಾತದ ಕ್ಷಣದಲ್ಲಿ ಬಿಚ್ಚಿಕೊಳ್ಳುವಂತೆ ಮಾಡಿರುತ್ತಾರೆ. ಸಾಮಾನ್ಯ ದಾರದಿಂದ ಹೊಲಿದರೆ, ಅಗ್ಗದ ಹೊದಿಕೆ ಮುಚ್ಚಿದರೆ ಅದು ಸರಿಯಾಗಿ ತೆರೆಯದೆ ಹೋಗಬಹುದು. ಬಲ್ಲವರಿಂದಲೇ ಮಾಡಿಸಿ. ಬಿಚ್ಚಿದ ಹಳೆಯ ಹೊದಿಕೆಯನ್ನು ಖಾಲಿ ಸೈಟಿನಲ್ಲಿ ಸುಡಿಸಬೇಡಿ. ಕ್ರೋಮಿಯಂನಿಂದ ಹದಮಾಡಿದ ಚರ್ಮದ್ದಾಗಲಿ, ಪ್ಲಾಸ್ಟಿಕ್ಕಿನದಾಗಲಿ, ಆ ಹೊಗೆ ವಿಷ, ಕುಡಿಯುವವರು ಪಕ್ಕದ ಶೆಡ್ಡಿನ ಮಕ್ಕಳು.

ಹಿಂದಿನ ಸೀಟಿಗೆ ತೇಪೆ ಹಾಕಿಸಿ ಉಳಿದ ಹಣದಲ್ಲಿ ಮುಂದಿನ ಸೀಟಿಗೆ ಫೋಮ್ ಹಾಕಿಸುವುದಾದರೆ, ಆ ದಿನ ಚಾಲಕರನ್ನೂ ಅಂಗಡಿಗೆ ಕರೆದೊಯ್ಯಿರಿ. ಅವರನ್ನೇ ಕೂರಿಸಿ, ಎತ್ತರ ಸಾಕೋ ಬೇಕೋ ಎಂದು ಕೇಳಿಸಿ ಕತ್ತರಿಸಲು ಹೇಳಿ.