ಗೃಹಾಲಂಕಾರ ಮತ್ತು ಪರಿಮಾಣ

ಗೃಹಸ್ಥನು ತನ್ನ ಮನೆಯನ್ನು ಅಂದವಾಗಿ ಇರಿಸಿಕೊಳ್ಳುವುದು ದೋಷವಲ್ಲ. ಶ್ರಾವಕನಿಗೆ ವಿಹಿತವಾದುದು ಅಣುವ್ರತ, ಮುನಿಯ ಮಹಾವ್ರತವಲ್ಲ. ಆದರೆ ಅಲಂಕಾರವು ಅಗ್ಗವಾದ ಮಾತ್ರಕ್ಕೆ ಮಿತವೂ ಆಯಿತೇ ಎಂಬುದು ವಿಚಾರಾರ್ಹ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ವಸ್ತುವಿನ ಬೆಲೆಯಿಂದಲ್ಲ, ಮನಸ್ಸಿನ ಮೂರ್ಛೆಯಿಂದ ಗುರುತಿಸಿದ್ದಾರೆ. ಪರಿಮಾಣವ್ರತದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಚಿನ್ನ, ಧಾನ್ಯಗಳ ಸಾಲಿನಲ್ಲಿ ಬಟ್ಟೆಬರೆ, ಪಾತ್ರೆಪದಾರ್ಥಗಳನ್ನೂ ಸೇರಿಸಿದ್ದಾರೆ.

ಆಯವ್ಯಯದ ಅಂದಾಜು ಹಣಕ್ಕೆ ಮಿತಿ ಹಾಕುತ್ತದೆ. ವ್ರತವು ಆಸೆಗೆ ಮಿತಿ ಹಾಕುತ್ತದೆ. ಬಾಳಿಕೆ ಬರುವ ಒಂದು ಹತ್ತಿಯ ಪರದೆಯ ಹಣದಲ್ಲಿ ಐದು ಪ್ಲಾಸ್ಟಿಕ್ ಹೂಗೊಂಚಲುಗಳನ್ನು ತಂದವನ ಲೆಕ್ಕಪುಸ್ತಕ ಸರಿಯಾಗಿಯೇ ಇರುತ್ತದೆ. ಪರಿಗ್ರಹ ಮಾತ್ರ ಐದು ಪಟ್ಟಾಗಿರುತ್ತದೆ. ಬಣ್ಣಗೆಟ್ಟ ಮೇಲೆ ಅವು ತಿಪ್ಪೆ ಸೇರುತ್ತವೆ. ಪ್ಲಾಸ್ಟಿಕ್ ನುಂಗಿದ ಬೀದಿಯ ದನ ನರಳುತ್ತದೆ. ರೇಷ್ಮೆಯ ಪರದೆ ರಿಯಾಯಿತಿ ದರದಲ್ಲಿ ದೊರೆಯಬಹುದು. ಬಿಸಿಹಬೆಗೆ ಸಿಕ್ಕ ಗೂಡಿನೊಳಗಿನ ಜೀವಿಗೆ ಯಾವ ರಿಯಾಯಿತಿಯೂ ಇರಲಿಲ್ಲ.

ಸುಣ್ಣ ಬಳಿದ ಗೋಡೆ, ಅಡೆತಡೆಯಿಲ್ಲದೆ ಬೆಳಕು ಬರುವ ಕಿಟಕಿ, ಹುಣಸೆಹಣ್ಣಿನಿಂದ ತಿಕ್ಕಿದ ಹಿರಿಯರ ಕಾಲದ ಹಿತ್ತಾಳೆ ದೀಪ, ನವಲಗುಂದದ ಹತ್ತಿಯ ಜಮಖಾನೆ, ಹೊಸ್ತಿಲಿನ ರಂಗೋಲಿ: ನಡುಮನೆಗೆ ಇಷ್ಟರಿಂದಲೇ ಕಳೆ ಬರುತ್ತದೆ. ಇವುಗಳ ನಡುವೆ ಉಳಿದ ಬರಿಯ ಜಾಗವೂ ಸೊಬಗೇ.

ಆದುದರಿಂದ ಪೇಟೆಗೆ ಹೊರಡುವ ಮುನ್ನ ಹಣವನ್ನು ಎಣಿಸಿಕೊಳ್ಳುವಂತೆಯೇ ವಸ್ತುಗಳ ಸಂಖ್ಯೆಯನ್ನೂ ಮನೆಮಂದಿಯೆಲ್ಲ ಕೂಡಿ ನಿಶ್ಚಯಿಸಿಕೊಳ್ಳುವುದು ಲೇಸು. ಹೊಸದೊಂದು ಒಳಬಂದರೆ, ಬಳಕೆಗೆ ಯೋಗ್ಯವಾದ ಹಳೆಯದೊಂದು ಅಗತ್ಯವುಳ್ಳವರ ಮನೆ ಸೇರಲಿ. ಹಣದ ಕೊರತೆಯಿಂದ ಬಂದ ಮಿತಿ ಹಣ ಬಂದೊಡನೆ ಕರಗುತ್ತದೆ. ವಿವೇಕದಿಂದ ಬಂದ ಮಿತಿ ಸಿರಿಯಲ್ಲಿಯೂ ನಿಲ್ಲುತ್ತದೆ.